ತೊಳೆದಿಟ್ಟ ಬುಟ್ಟಿ

ಡ್ರಾಯರಿನಲ್ಲಿ ಪಾಸ್‌ಪೋರ್ಟ್ ಇರಲಿಲ್ಲ.

ಹುಡುಗಿ ಬಟ್ಟೆಗಳನ್ನೆಲ್ಲ ಹೊರಗೆಳೆದಳು. ಹಾಸಿಗೆ ಮಗುಚಿದಳು. ಇಲ್ಲ. ಚಿಕ್ಕಪ್ಪನ ಮನೆಯಲ್ಲಿದ್ದು ಓದಲು ಬಂದ ಈ ದೇಶದಲ್ಲಿ ಅವಳ ವಾಸದ ಪರವಾನಗಿ ಇವತ್ತಿಗೆ ಮುಗಿಯುತ್ತದೆ. ಪಾಸ್‌ಪೋರ್ಟ್ ತೋರಿಸಿ ಇವತ್ತೇ ನವೀಕರಿಸದಿದ್ದರೆ ವಿಶ್ವವಿದ್ಯಾಲಯ ಹೆಸರು ಹೊಡೆದುಹಾಕುತ್ತದೆ. ಕೊನೆಗೂ ಸಿಕ್ಕಿದ್ದ ಹಾಸ್ಟೆಲ್ ಕೋಣೆಯೂ ಹೋಗುತ್ತದೆ.

"ನಿನ್ನೆ ಇಲ್ಲೇ ಇಟ್ಟಿದ್ದೆ ಚಿಕ್ಕಮ್ಮ."

"ಹಾಗಾದ್ರೆ ಅದಕ್ಕೆ ಕಾಲು ಬಂತಾ? ನನ್ನ ಮೇಲೆ ಗೂಬೆ ಕೂರಿಸಬೇಡ."

ಚಿಕ್ಕಪ್ಪ ಮಾತ್ರ ಬೆನ್ನು ಸವರಿದರು. "ಹೆದರಬೇಡ ಪುಟ್ಟಿ. ಪರ್ಮಿಟ್ ಹೋದ್ರೆ ಹೋಗ್ಲಿ. ಸುಮ್ಮನೆ ಮನೆಯೊಳಗೇ ಇದ್ದುಬಿಡು, ಯಾರಿಗೂ ಗೊತ್ತಾಗಲ್ಲ."

ಅವಳು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಫೋನು ಮಾಡಿದಳು. ಅಲ್ಲಿನ ಅಧಿಕಾರಿ ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದ ಹೆಂಗಸು. ವಿದ್ಯಾರ್ಥಿಗಳ ಬಾಯಲ್ಲಿ 'ಭೂತಗನ್ನಡಿ ಮೇಡಂ'. ಅವರೇ ಕಾರಿನಲ್ಲಿ ಬಂದಿಳಿದರು.

"ಈ ಕೋಣೆಗೆ ಯಾರ್ಯಾರು ಬರ್ತಾರೆ?"

"ಎಲ್ಲರೂ ಮೇಡಂ. ಚಿಕ್ಕಮ್ಮನ ಅವಳಿ ಮಕ್ಕಳು ನನ್ನ ಜೊತೆಗೇ ಮಲಗೋದು."

"ಯಾಕೆ?"

ಉತ್ತರ ಕೊಟ್ಟಿದ್ದು ಚಿಕ್ಕಮ್ಮ. "ಬಿಟ್ಟಿ ಊಟ, ಬಿಟ್ಟಿ ಮನೆ. ಮಕ್ಕಳನ್ನ ನೋಡ್ಕೊಂಡ್ರೆ ಕೈ ಸವೆಯುತ್ತಾ?"

"ಬೆಳಗ್ಗೆ ಎದ್ದಾಗ ಏನಾದ್ರೂ ಬೇರೆ ಥರ ಕಾಣ್ತಾ?"

"ಏನಿಲ್ಲ... ಡೈಪರ್ ಬುಟ್ಟಿ ತೊಳೆದಿಟ್ಟಿತ್ತು, ಅಷ್ಟೆ. ದಿನಾ ನಾನೇ ಖಾಲಿ ಮಾಡೋದು. ಇವತ್ತು ಚಿಕ್ಕಮ್ಮ ಮಾಡಿರಬೇಕು ಅಂದ್ಕೊಂಡೆ."

"ನಾನಾ? ಆ ವಾಸನೆಗೆ ನನಗೆ ವಾಂತಿ ಬರುತ್ತೆ."

ಮೇಡಂ ಚಿಕ್ಕಪ್ಪನ ಕಡೆ ತಿರುಗಿದರು. "ನೀವು?"

"ಪಾಪ, ಇವತ್ತು ಇವಳಿಗೆ ಓಡಾಟ ಇದೆಯಲ್ಲ ಅಂತ—" ಚಿಕ್ಕಪ್ಪ ನಕ್ಕರು.

"ನೀವಾ ರೀ? ಮಕ್ಕಳು ಹುಟ್ಟಿದಾಗಿಂದ ಒಂದು ಡೈಪರ್ ಮುಟ್ಟಿದವರಲ್ಲ."

ನಗು ಅಲ್ಲೇ ಒಣಗಿತು.

ಮೇಡಂ ಅಡುಗೆಮನೆಯ ರಬ್ಬರ್ ಕೈಗವಸು ತೊಟ್ಟು ಗೇಟಿನ ಬಳಿಯ ಕಸದ ಡ್ರಮ್ಮಿಗೆ ಕೈ ಹಾಕಿದರು. ಮೇಲಿದ್ದ ಕಪ್ಪು ಚೀಲವನ್ನು ಸೀಳಿದರು. ಹಳಸಿದ ಉಚ್ಚೆಯ ನಾತ ಮುಖಕ್ಕೆ ಹೊಡೆಯಿತು. ಹೇಲು ಮೆತ್ತಿದ ಡೈಪರ್‌ಗಳ ನಡುವೆ ಪಾಸ್‌ಪೋರ್ಟ್.

"ಮನೆಯೆಲ್ಲ ಜಾಲಾಡಿದ್ರೂ ಇದನ್ನ ಯಾರೂ ಬಿಚ್ಚಲ್ಲ ಅಂತ ಲೆಕ್ಕ. ಆದ್ರೆ ಬುಟ್ಟಿಯಲ್ಲೇ ಬಿಟ್ರೆ ಇವಳ ಕೈಗೆ ಸಿಗುತ್ತೆ. ಅದಕ್ಕೇ ಎಂದೂ ಮಾಡದ ಕೆಲಸ ಇವತ್ತು ಮಾಡಿದ್ರಿ. ಪರ್ಮಿಟ್ ಇಲ್ಲದವಳು ಹಾಸ್ಟೆಲಿಗೆ ಹೋಗೋ ಹಾಗಿಲ್ಲ, ಪೊಲೀಸರ ಹತ್ರ ದೂರು ಹೇಳೋ ಹಾಗಿಲ್ಲ. ಜೀವನಪೂರ್ತಿ ಸಂಬಳವಿಲ್ಲದ ಆಳು. ಅಲ್ವಾ ಸರ್?"

ಚಿಕ್ಕಪ್ಪ ಬೆನ್ನು ತಿರುಗಿಸಿ ಒಳಗೆ ಹೋದರು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ನಾತಕ್ಕಲ್ಲ; ನಾತ ಅವಳಿಗೆ ಅಭ್ಯಾಸವಾಗಿತ್ತು. ಬೆನ್ನು ಸವರಿದ ಆ ಕೈಯ ನೆನಪಿಗೆ.

ಮೇಡಂ ಬಿಚ್ಚಿಕೊಟ್ಟ ಕೈಗವಸು ತೊಟ್ಟು ಅವಳೇ ಪಾಸ್‌ಪೋರ್ಟ್ ಒರೆಸಿದಳು. ರಟ್ಟಿನ ಮೇಲೆ ಕಲೆ ಉಳಿಯಿತು. ಫೋಟೋ ಇದ್ದ ಪುಟ ಚೆನ್ನಾಗಿತ್ತು. ಕಚೇರಿ ಮುಚ್ಚುವುದಕ್ಕೆ ಇನ್ನೂ ಹೊತ್ತಿತ್ತು.

ಮೇಡಂ ಅವಳ ಬಟ್ಟೆಯ ಚೀಲ ಕಾರಿನಲ್ಲಿಟ್ಟರು. ಹುಡುಗಿ ಕಾರಿನತ್ತ ನಡೆದಾಗ ಚಿಕ್ಕಮ್ಮ ಹಿಂದೆಯೇ ಬಂದರು. ಗಂಡನಿಗೆ ಒಂದು ಮಾತಾದರೂ ಬೈಯುತ್ತಾರೆಂದು ಹುಡುಗಿ ಕಾದಳು.

"ಅಲ್ಲ ಕಣೇ," ಎಂದರು ಚಿಕ್ಕಮ್ಮ, "ನಾಳೆಯಿಂದ ಮಕ್ಕಳನ್ನ ಯಾರು ನೋಡ್ಕೊಳ್ಳೋದು?"

ಹುಡುಗಿ ಕೈಗವಸು ಬಿಚ್ಚಿ, ಹಾಗೆಯೇ ಒದ್ದೆಯಾಗಿದ್ದುದನ್ನು, ಚಿಕ್ಕಮ್ಮನ ಕೈಗಿತ್ತು ಕಾರು ಹತ್ತಿದಳು.