ಆರು ಮೂಲೆಯ ಚೀಟಿ

1957ರ ಜುಲೈ 9, ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಸುರಪುರ ಠಾಣೆಗೆ ದೂರು ಬಂತು. ಶಹಾಪುರ ರಸ್ತೆಯ ಶಾಲೆಯೊಂದರ ಪ್ರಯೋಗಶಾಲೆಯಿಂದ ಕಾರ್ಬಾಲಿಕ್ ಆಸಿಡ್ ಬಾಟಲಿ ಕಾಣೆಯಾಗಿತ್ತು. ವಿಷದ ವಸ್ತು. ಬೀರುವಿನ ಬೀಗ ಮುರಿದಿರಲಿಲ್ಲ; ಕೀಲಿ ಜವಾನ ಹುಲಗಪ್ಪನದು. ಸಂಜೆಯೊಳಗೆ ಬಾಟಲಿ ಸಿಗದಿದ್ದರೆ ಅವನ ನೌಕರಿ ಹೋಯಿತೆಂದು ಹೆಡ್‌ಮಾಸ್ತರರು ಆಗಲೇ ಹೇಳಿಬಿಟ್ಟಿದ್ದರು. ಇಂಥ ಅವಸರದ ತೀರ್ಪು ಕಂಡರೆ ಇನ್ಸ್‌ಪೆಕ್ಟರ್ ಗುರಪ್ಪನಿಗೆ ಮೈ ಉರಿಯುತ್ತಿತ್ತು. ಎಫ್‌ಐಆರ್ ಬರೆಸಿ, ಕಾನ್‌ಸ್ಟೇಬಲ್ ಮೌನಪ್ಪನೊಂದಿಗೆ ಶಾಲೆಗೆ ಹೊರಟ.

“ಕೀಲಿ ಎಲ್ಲಿ ಇಡ್ತಿ?”

“ಆಫೀಸಿನ ಮೊಳಿಗೆ ಹಾಕ್ತೀನ್ರಿ ಸಾಹೇಬ್ರ,” ಎಂದ ಹುಲಗಪ್ಪ. “ಹೇಣ್ತಿ ಬಾಣಂತಿ ಅದಾಳ್ರಿ. ನೌಕ್ರಿ ಹೋದ್ರ ಏನ್ ಮಾಡ್ಲಿ?”

ಆ ಮೊಳೆಯಿಂದ ಯಾರು ಬೇಕಾದರೂ ಕೀಲಿ ತೆಗೆಯಬಹುದಿತ್ತು.

ಬೀರುವಿನ ಬಾಗಿಲ ಒಳಮೈಗೆ ಒಂದು ಚೀಟಿ. ಅದರಲ್ಲಿ ಆ ಆಸಿಡ್ಡಿನ ರಚನೆ ತೋರಿಸುವ ಆರು ಮೂಲೆಯ ಚಿತ್ರ, ಒಂದು ಮೂಲೆಗೆ ಓ-ಎಚ್ ಎಂಬ ಅಕ್ಷರ. ಹಿಂದಿನ ಸಂಜೆ ವಿಜ್ಞಾನದ ಹೊಸ ಮಾಸ್ತರ ಬಸವಂತ್ರಾಯ ಶಾಯಿಯಲ್ಲಿ ಬರೆದು, ಅಂಟಿಸಿ, ಬೀಗ ಹಾಕಿಸಿದ್ದ. ಈಗ ಅದರ ಒಂದು ಗೆರೆಯನ್ನು ಯಾರೋ ಪೆನ್ಸಿಲಿನಿಂದ ಹೊಡೆದುಹಾಕಿ, ಪಕ್ಕದ ಬದಿಗೆ ಹೊಸ ಗೆರೆ ಎಳೆದಿದ್ದರು.

“ಇದನ್ನ ಓದೋದು ಹ್ಯಾಂಗ್ರಿ ಮಾಸ್ತರ?”

“ಮೂಲಿಗೊಂದು ಕಾರ್ಬನ್ ಅದ ಅಂತ ತಿಳ್ಕೋಬೇಕ್ರಿ, ಬರಿಯೂದಿಲ್ಲ. ಅದಕ್ಕ ನಾಕು ಕೈ. ಒಂಟಿ ಗೆರಿಗೆ ಒಂದು ಕೈ, ಜೋಡಿ ಗೆರಿಗೆ ಎರಡು. ಕಡಿಮಿ ಬಿದ್ದಷ್ಟು ಹೈಡ್ರೋಜನ್ ಅದಾವಂತ ಲೆಕ್ಕ.”

ಗುರಪ್ಪ ಶಾಯಿಯ ಗೆರೆಗಳನ್ನು ಬೆರಳಿಟ್ಟು ಎಣಿಸಿದ. ಓ-ಎಚ್ ಇದ್ದ ಮೂಲೆಯ ಎರಡೂ ಬದಿಗೆ ಜೋಡಿ ಗೆರೆ, ಓ-ಎಚ್‌ಗೆ ಇನ್ನೊಂದು ಒಂಟಿ ಗೆರೆ. “ನೀವು ಬರದದ್ರಾಗ ಇಲ್ಲಿ ಐದು ಕೈ ಆಗ್ತಾವಲ್ರಿ?”

ಮಾಸ್ತರನ ಮುಖ ಕೆಂಪೇರಿತು. ಪೆನ್ಸಿಲಿನ ಗೆರೆ ಆ ತಪ್ಪನ್ನೇ ತಿದ್ದಿತ್ತು. ಕದಿಯಲು ಬಂದವನು ತಪ್ಪು ನೋಡಿ ಸುಮ್ಮನಿರಲಾರದೆ ಹೋಗಿದ್ದ. ಗುರಪ್ಪನಿಗೆ ಅಷ್ಟು ಸಾಕಾಯಿತು.

ಹನ್ನೊಂದಕ್ಕೆ ಅದೇ ತಪ್ಪು ಚಿತ್ರವನ್ನು ಹಾಳೆಗಿಳಿಸಿ, ಆಫೀಸಿನಲ್ಲಿ ಒಬ್ಬೊಬ್ಬರ ಮುಂದೆ ಇಟ್ಟ. “ಜೇನಿನ ಹುಟ್ಟಿನಂಗ ಅದರಿ,” ಎಂದ ಹುಲಗಪ್ಪ. ಆಮೇಲೆ ಹಾಳೆ ಗುಮಾಸ್ತ ವೆಂಕಪ್ಪನ ಮುಂದೆ ಬಂತು. ಅವನ ಕೈ ಕಿವಿಯ ಮೇಲಿನ ಪೆನ್ಸಿಲಿಗೆ ಹೋಯಿತು.

“ತಿದ್ರಿ, ಪರವಾಗಿಲ್ಲ.”

ವೆಂಕಪ್ಪ ತಿದ್ದಿದ. ಆಮೇಲೆ ತಾನು ಮಾಡಿದ್ದು ತಿಳಿದು ಪೆನ್ಸಿಲನ್ನು ಮೇಜಿನ ಮೇಲಿಟ್ಟ.

ಅವನ ಕಪಾಟಿನಲ್ಲಿ, ಉರ್ದು ರಸಾಯನಶಾಸ್ತ್ರದ ಹಳೆಯ ಪುಸ್ತಕಗಳ ಹಿಂದೆ, ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದಿರಲಿಲ್ಲ. ಹನ್ನೆರಡೂವರೆಗೆ ಪಂಚನಾಮೆ, ಒಂದಕ್ಕೆ ಬಂಧನ.

“ಯಾಕ್ರಿ ಮುಚ್ಚಿಟ್ರಿ?”

“ಹನ್ನೊಂದು ವರ್ಷ ಇದೇ ಪಾಠ ಹೇಳೀನ್ರಿ, ಉರ್ದುದಾಗ. ಹೋದ ವರ್ಷ ರಾಜ್ಯ ಬದಲಾತು, ಪಾಠ ಕನ್ನಡಕ್ಕ ಬಂತು. ಕನ್ನಡದಾಗ ಪಾಠ ಹೇಳಾಕ ಬರೂದಿಲ್ಲಂತ ಟಪಾಲು ಬರಿಯಾಕ ಕುಂಡ್ರಿಸ್ಯಾರ. ಬಾಟ್ಲಿ ಕಾಣದಿದ್ರ ನನ್ನ ಕರೀತಾರ, ಹುಡುಕಿ ಕೊಟ್ಟು ಒಮ್ಮಿ ಪ್ರಯೋಗಶಾಲಿ ಒಳಗ ನಿಂತೇನು ಅಂದ್ಕೊಂಡಿದ್ದೆ. ಹುಲಗಪ್ಪನ ಮ್ಯಾಲ ಬಂತು. ಆವಾಗ ಬಾಯಿ ಬರ್ಲಿಲ್ರಿ.”

ಹುಲಗಪ್ಪ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ವೆಂಕಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಹೊರಗೆ ಬರುವಾಗ ತರಗತಿಯ ಕಿಟಕಿಯಾಚೆ ಬಸವಂತ್ರಾಯ ಕರಿಹಲಗೆಯ ಮೇಲೆ ಅದೇ ಚಿತ್ರ ಬರೆಯುತ್ತಿದ್ದ. ವೆಂಕಪ್ಪ ನಿಂತು ಎಣಿಸಿದ.

“ಈಗ ಸರಿ ಅದ,” ಎಂದು ಮೌನಪ್ಪನ ಜೊತೆ ನಡೆದ.