ಒಳಗಿದ್ದವನ ಗುರುತು

“ಬಾಗಿಲ ಮ್ಯಾಲೆ ಈ ಗುರುತು ಇರೂತನಕ ಮಷೀನ್ ಚಾಲೂ ಮಾಡಂಗಿಲ್ಲ ಅಂತ ಮಾತು ಕೊಡು,” ಎಂದಿದ್ದರು ಹುಚ್ಚೀರಪ್ಪ ಕಾಕಾ. ಹನ್ನೊಂದು ವರ್ಷದ ಹಿಂದೆ, ಗಿಣಿಗೇರಾದ ಕಾರ್ಖಾನೆಯಲ್ಲಿ ನನ್ನ ಮೊದಲ ದಿನ, ನಾನು ಮಾತು ಕೊಟ್ಟೆ.

ಗುರುತು ಎಂದರೆ 人, ಯಂತ್ರ ಕೂಡಿಸಲು ಬಂದಿದ್ದ ಚೀನಾದ ಫಿಟ್ಟರ್ ಒಬ್ಬ ಕಾಕಾನಿಗೆ ಕಲಿಸಿದ ಅಕ್ಷರ. ಕಾಲು ಅಗಲಿಸಿ ನಿಂತಂತೆ ಎರಡೇ ಗೆರೆ. ಅರ್ಥ, ಮನುಷ್ಯ. ಯಂತ್ರದ ಧೂಳು ತುಂಬುವ ಡಸ್ಟ್ ಚೇಂಬರ್ ಸ್ವಚ್ಛ ಮಾಡಲು ಒಳಗೆ ಹೋಗುವವನು ಬಾಗಿಲ ಮೇಲೆ ಚಾಕ್‌ಪೀಸಿನಿಂದ ಅದನ್ನು ಬರೆಯಬೇಕು, ಹೊರಬಂದು ತಾನೇ ಒರೆಸಬೇಕು.

“ಬ್ಯಾರೇದವ್ರು ಒರಸಿದ್ರ?” ಎಂದೆ.

“ಆಗ ಒಳಗಿದ್ದಂವ ಹೊರಗ ಬರಂಗಿಲ್ಲೋ ತಮ್ಮಾ.”

ಕಾಕಾ ಹೋದ ವರ್ಷ ಜ್ವರ ಬಂದು ಮನೆಯಲ್ಲೇ ತೀರಿಕೊಂಡರು. ಮೊನ್ನೆ ಮಂಗಳವಾರ ಮಧ್ಯಾಹ್ನ ಬಾಗಿಲ ಮೇಲೆ ಆ ಅಕ್ಷರವಿತ್ತು. ಅವರು ಬರೆಯುತ್ತಿದ್ದಂತೆಯೇ ಬಲಗಾಲು ಉದ್ದ. ಬಾಗಿಲು ತೆಗೆದು ನೋಡಿದೆ, ಒಳಗೆ ಯಾರೂ ಇರಲಿಲ್ಲ. ಆಗಷ್ಟೇ ನಿಲ್ಲಿಸಿದ ಯಂತ್ರ, ಕಬ್ಬಿಣ ಕೈ ಸುಡಬೇಕಿತ್ತು, ತಣ್ಣಗಿತ್ತು. ಗುರುತು ಒರೆಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಅಲ್ಲೇ ಇತ್ತು.

“ಚಾಲೂ ಮಾಡ್ತಿಯೋ, ಕೆಲಸ ಬಿಟ್ಟು ಮನಿಗಿ ಹೋಗ್ತಿಯೋ?” ಎಂದ ಸೂಪರ್‌ವೈಸರ್ ಪಂಪಾಪತಿ.

ಶಾಲೆಗೆ ಹೋಗುವ ಇಬ್ಬರು ಮಕ್ಕಳು ನೆನಪಾದರು. ಗುರುತು ಇದ್ದಂತೆಯೇ ಗುಂಡಿ ಒತ್ತಿದೆ.

ಸಂಜೆ ಯಂತ್ರ ನಿಲ್ಲಿಸಿ ಬಾಗಿಲು ತೆಗೆದೆವು. ಒಳಗೆ ಯಾರೂ ಇರಲಿಲ್ಲ. ಬಾಗಿಲಿನ ಒಳಬದಿಯ ಧೂಳಿನಲ್ಲಿ ಯಾರೋ ಬೆರಳಿನಿಂದ ಅದೇ ಅಕ್ಷರ ಬರೆದಿದ್ದರು.

ಕೊಟ್ಟ ಮಾತು ನಾನು ಮುರಿದೆ.