ಅಂತರಗಂಗೆಯ ಚೀಲ

ಒಮೊಲೊ ತಂದ ದೂರು ಇದು ನಾಲ್ಕನೆಯದು.

"ಮೇಡಂ, ಚೀಲ ಮತ್ತೆ ಕರಗಿಹೋಯ್ತು. ಒಂಬತ್ತೇ ದಿನ!"

ಒದ್ದೆ ಮುದ್ದೆಯೊಂದನ್ನು ಮೇಜಿನ ಮೇಲಿಟ್ಟ. ಕಣ್ಣು ಮಾತ್ರ ಅದರ ಮೇಲಿರಲಿಲ್ಲ. ಅವಿನೋಳ ಕೆನ್ನೆಗೆ ಅಂಟಿದ್ದ ಮರಗೆಣಸಿನ ಹಿಟ್ಟಿನ ಮೇಲಿತ್ತು.

ಕಿಸುಮು ಊರಿನ ಸರೋವರದಲ್ಲಿ ದೋಣಿಗೆ ದಾರಿ ಬಿಡದಂತೆ ತುಂಬಿಕೊಳ್ಳುವ ಅಂತರಗಂಗೆ ಕಳೆಯನ್ನು ಅರೆದು, ಮರಗೆಣಸಿನ ಗಂಜಿ ಬೆರೆಸಿ ಅವಿನೋ ಸಸಿ ಚೀಲ ಮಾಡುತ್ತಿದ್ದಳು. ಪ್ಲಾಸ್ಟಿಕ್ಕಿನ ಹಾಗೆ ಹರಿದೆಸೆಯಬೇಕಿಲ್ಲ, ಸಸಿಯ ಜೊತೆಗೇ ನೆಟ್ಟರೆ ಮಣ್ಣಾಗುತ್ತದೆ. ಅಲ್ಲಿಯವರೆಗೆ ಮೂರು ತಿಂಗಳು ಗಟ್ಟಿ ನಿಲ್ಲಬೇಕು. ಅವಳ ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಒಮೊಲೊನ ನರ್ಸರಿಯಲ್ಲಿ ಮಾತ್ರ ಯಾಕಿಲ್ಲ?

"ನೀರು ಜಾಸ್ತಿ ಹಾಕ್ತೀರಾ?"

"ಎಷ್ಟು ಹಾಕ್ಬೇಕು ಅಂತ ಇನ್ನೊಂದ್ಸಲ ಹೇಳಿ. ನಿಧಾನವಾಗಿ ಹೇಳಿ."

ಅವನು ಬಂದ ದಿನ ಅವಳ ಅಳತೆ ತಪ್ಪುತ್ತಿತ್ತು. ಬರದ ದಿನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಕಾಡುತ್ತಿರುವುದು ಚೀಲವೋ ಅವನೋ, ಅವಳಿಗೇ ತಿಳಿಯದು. ಕೊನೆಗೆ, ಹತ್ತು ಸಾವಿರ ಚೀಲ ಕೇಳಿದ್ದ ಅರಣ್ಯ ಕಚೇರಿಗೆ 'ನಮ್ಮ ಚೀಲ ಇನ್ನೂ ಸಿದ್ಧವಾಗಿಲ್ಲ' ಎಂದು ಪತ್ರ ಕೊಟ್ಟು ಬಂದಳು. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ, ಅವನ ಮಣ್ಣನ್ನಾದರೂ ಪರೀಕ್ಷಿಸೋಣವೆಂದು ಹೇಳದೆ ನರ್ಸರಿಗೆ ಹೋದಳು. ಸಾಲು ಸಾಲು ಅವಳದೇ ಚೀಲಗಳು. ಅವಳೇ ಬರೆದ ತಾರೀಖು, ಎಂಬತ್ತು ದಿನದ ಹಿಂದಿನದು. ಒಂದೂ ಹರಿದಿರಲಿಲ್ಲ.

"ಹಾಗಾದ್ರೆ ನೀವು ತರ್ತಿದ್ದದ್ದು?"

ಒಮೊಲೊ ನೀರಿನ ಕ್ಯಾನ್ ಕೆಳಗಿಟ್ಟ. "ಬಿಸಿನೀರಲ್ಲಿ ನೆನೆಸಿ, ಹಿಸುಕಿ ತರ್ತಿದ್ದೆ. ಚೀಲ ಚೆನ್ನಾಗಿದೆ ಅಂದ್ಬಿಟ್ರೆ, ನಿಮ್ಮನ್ನ ನೋಡೋಕೆ ಬರಲಿಕ್ಕೆ ಇನ್ನೇನು ಕಾರಣ ಇತ್ತು?"

"ನಿಂಗೆ ಬುದ್ಧಿ ಇದೆಯೇನೋ? ಚೀಲ ಆಗಿಲ್ಲ ಅಂತ ಕಚೇರಿಗೆ ಬರೆದುಕೊಟ್ಟಾಯ್ತು ನಾನು!"

'ನೀವು' ಎಲ್ಲಿ ಬಿದ್ದುಹೋಯಿತೋ ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು, ತುಟಿಯಂಚಲ್ಲಿ ನಗು. ಯಾವುದನ್ನು ಮೊದಲು ಅಡಗಿಸುವುದು?

ಅವನ ನಗು ಆರಿಹೋಗಿತ್ತು. ಎರಡು ಸಸಿ ಎತ್ತಿ ಬೈಕಿಗೆ ಕಟ್ಟಿದ. "ಹತ್ತು, ಹೋಗೋಣ."

ಕಚೇರಿಯಲ್ಲಿ ಎಲ್ಲರೆದುರು ಹೇಳಿದ: "ಸಾರ್, ಚೀಲದಲ್ಲಿ ದೋಷ ಇಲ್ಲ. ಸುಳ್ಳು ಹೇಳಿದವನು ನಾನು. ಇವಳನ್ನ ನೋಡೋ ಆಸೆಗೆ."

ಗುಮಾಸ್ತರು ಕಿಸಕ್ಕೆಂದರು. ಅಧಿಕಾರಿ ನಗಲಿಲ್ಲ. ಚೀಲವನ್ನು ಜಗ್ಗಿದರು, ಮತ್ತೆ ಜಗ್ಗಿದರು, ಆಮೇಲೆ ಅವಳ ಪತ್ರವನ್ನು ಅವಳ ಕೈಗೇ ವಾಪಸು ಕೊಟ್ಟರು.

ಮೆಟ್ಟಿಲಿಳಿಯುವಾಗ ಅವನು ಕೇಳಿದ, "ಕೋಪ ಇಳೀತಾ, ಅವಿನೋ?"

"ಗೊತ್ತಿಲ್ಲ."

"ನಾನಂದ್ರೆ ಇಷ್ಟಾನಾ?"

"ಅದೂ ಗೊತ್ತಿಲ್ಲ."

ಎರಡು ಮೆಟ್ಟಿಲು ಇಳಿದವಳು ತಿರುಗಿ ನಿಂತಳು.

"ನಾಳೆ ಬಾ. ಬರಿಗೈಲಿ ಬಾ."